ಅಪ್ಪನ ಪಾತ್ರ

ನಾಟಕ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮಗಳು ಎಂದೇ. ಹರೆಯದಲ್ಲಿ ಬಂದು ಸೇರಿದಾಗ ಸಿಕ್ಕಿದ ಪಾತ್ರ ಅದು. ಮೂವತ್ತು ದಾಟಿದರೂ ಪಾತ್ರ ಬಿಡಲಿಲ್ಲ, ಹೆಸರೂ ಬಿಡಲಿಲ್ಲ. ಅವಳ ಎದುರು ತಂದೆಯಾಗುತ್ತಿದ್ದ ಹಿರಿಯ ನಟ ಹಾಗೆಯೇ ಎಲ್ಲರಿಗೂ ಅಪ್ಪ. ಹೆತ್ತ ತಂದೆ, ಮಗಳು ಬಣ್ಣ ಹಚ್ಚಿದಳೆಂದು ಮುಖ ತಿರುಗಿಸಿದ್ದ. ಈ ಅಪ್ಪ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದ, ಅವಳಿಗೆ ಜ್ವರ ಬಂದರೆ ಲಾಡ್ಜಿನವರನ್ನು ಕಾಡಿ ಬೇಡಿ ಬಿಸಿನೀರು ತರುತ್ತಿದ್ದ, ತಾಲೀಮಿನಲ್ಲಿ ಮಾತು ತಪ್ಪಿದರೆ ಎಲ್ಲರೆದುರೇ ಬೈಯುತ್ತಿದ್ದ.

ತಲೆಗೂದಲಿಗೆ ಕಪ್ಪು ಹಚ್ಚುವುದು ಅವನಿಗೊಂದು ಗೀಳು. ಹಗಲೆಲ್ಲ ಕಪ್ಪು ತಲೆಯಲ್ಲಿ ತಿರುಗಿ, ಸಂಜೆ ಮುದುಕನ ಪಾತ್ರಕ್ಕೆ ಅದರ ಮೇಲೇ ಬಿಳಿ ಪುಡಿ ಉದುರಿಸಿಕೊಳ್ಳುತ್ತಿದ್ದ.

"ಇರೋ ಬಿಳಿಕೂದಲನ್ನೇ ಬಿಡಬಾರದಾ ಅಪ್ಪಾ?"

"ಅದು ನನ್ನ ವಯಸ್ಸು ಕಣೇ, ಇದು ಪಾತ್ರದ್ದು. ಎರಡನ್ನೂ ಕಲಸಬೇಡ."

ಅವನು ಬಿದ್ದದ್ದು ಒಂದು ಮಧ್ಯಾಹ್ನ. ಹೊಸ ಊರು, ಹಳೇ ರಂಗಮಂದಿರ. ಹಿಂದಿನ ಪರದೆ ನೆಟ್ಟಗಿದೆಯೋ ಇಲ್ಲವೋ ನೋಡಲು ಹಿಂದೆ ಹಿಂದೆ ಹೆಜ್ಜೆಯಿಡುತ್ತ, "ಸ್ವಲ್ಪ ಎಡಕ್ಕೆ ಎಳೀರಿ, ಇನ್ನೂ ಸ್ವಲ್ಪ" ಎನ್ನುತ್ತಲೇ ವೇದಿಕೆಯ ಅಂಚಿನಿಂದ ಮರೆಯಾದ. ಕೆಳಗೆ ಕುರ್ಚಿಗಳ ಮೇಲೆ ಬಿದ್ದ ಸದ್ದಾಯಿತು. ಕಂಪನಿಯ ಹಾಸ್ಯಗಾರ, ಇದೂ ಅಪ್ಪನ ಒಂದು ಚೇಷ್ಟೆ ಎಂದುಕೊಂಡು ನಕ್ಕುಬಿಟ್ಟ. ಆಮೇಲೆ ಎಷ್ಟೋ ದಿನ ಆ ನಗು ಅವನನ್ನು ತಿಂದಿತು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿದರೂ ಈ ವಯಸ್ಸಿನಲ್ಲಿ ಮತ್ತೆ ವೇದಿಕೆ ಹತ್ತುವುದು ಕಷ್ಟ ಎಂದರು ವೈದ್ಯರು. ಅದನ್ನು ಅಪ್ಪನಿಗೆ ಯಾರೂ ಹೇಳಲಿಲ್ಲ. ಕಂಪನಿ ನಡೆಸುತ್ತಿದ್ದ ಹೆಂಗಸನ್ನು ಅಕ್ಕ ಎನ್ನುತ್ತಿದ್ದರು. ಮುಂದಿನ ಊರಿನ ಆಟಕ್ಕೆ ಟಿಕೆಟ್ಟುಗಳು ಆಗಲೇ ಮಾರಾಟವಾಗಿದ್ದವು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ಹೇಳಿದಳು, "ಅವರ ತಂಗಿಗೆ ಫೋನ್ ಮಾಡಿದೀನಿ, ಬರ್ತಾರೆ. ನಾವು ಹೊರಡಬೇಕು. ಅಪ್ಪನ ಪಾತ್ರ ಹಾಸ್ಯಗಾರ ಮಾಡ್ಲಿ."

"ಅವನನ್ನ ನೋಡಿದ ತಕ್ಷಣ ಜನ ನಗ್ತಾರೆ ಅಕ್ಕಾ," ಎಂದಳು ಮಗಳು.

"ನಗ್ಲಿ ಬಿಡು. ಖಾಲಿ ವೇದಿಕೆ ನೋಡಿ ಉಗಿಯೋದಕ್ಕಿಂತ ವಾಸಿ."

ಮುಂದಿನ ಊರಿನ ಆಟದಲ್ಲಿ ಯಾರೂ ನಗಲಿಲ್ಲ. ಕೊನೆಯ ದೃಶ್ಯದಲ್ಲಿ ತಂದೆ ಮಗಳ ಮನೆ ಬಾಗಿಲಿಗೆ ಬರುತ್ತಾನೆ. ಅವಳು ಗುರುತು ಹಿಡಿಯುವುದಿಲ್ಲ. ಅಪ್ಪ ಅಲ್ಲಿ ಗದ್ಗದಿತನಾಗುತ್ತಿದ್ದ. ಹಾಸ್ಯಗಾರ ಹಾಗೇನೂ ಮಾಡದೆ, ವಿಳಾಸ ತಪ್ಪಿ ಬಂದವನಂತೆ "ಕ್ಷಮಿಸಮ್ಮಾ" ಎಂದು ಹೊರಟುಬಿಟ್ಟ. ಸಭೆ ಉಸಿರು ಬಿಗಿಹಿಡಿಯಿತು. ಅವಳಿಗೆ ಬಂದ ಅಳು ನಟನೆಯದಾಗಿರಲಿಲ್ಲ. ಅಪ್ಪನಿಗಿಂತ ಇವನೇ ಚೆನ್ನಾಗಿ ಮಾಡಿದ ಎಂದು ಹೊಳೆದಾಗ, ಯಾರದೋ ಮನೆ ದೋಚಿದ ಹಾಗೆ ಅವಳಿಗೆ ಅಳುಕಾಯಿತು.

ಬಿಡುವಿನ ದಿನ ಅವಳು ಬಸ್ಸು ಹಿಡಿದು ಆಸ್ಪತ್ರೆಗೆ ಹೋದಳು. ಅಪ್ಪನ ಕೂದಲ ಬುಡದಲ್ಲಿ ಬಿಳುಪು ಬೆಳೆದಿತ್ತು. ಪಕ್ಕದಲ್ಲಿ ಕೂತಿದ್ದ ತಂಗಿ ಅವಳನ್ನು ನೋಡಿ ಚಹಾ ತರುತ್ತೇನೆಂದು ಎದ್ದುಹೋದಳು. ತಂಗಿ ಅತ್ತ ಹೋಗುವುದನ್ನೇ ಅಪ್ಪ ಕಾಯುತ್ತಿದ್ದ.

"ಹೇಗಾಯ್ತು?"

"ಏನು?"

"ಏನಂತೆ! ಅವನು ಹೇಗೆ ಮಾಡಿದ ಹೇಳು."

ಅವನು ದಿಂಬಿನಿಂದ ತಲೆಯೆತ್ತಿ ಅವಳ ಮುಖವನ್ನೇ ನೋಡಿದ. ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಏನೂ ಆಗ್ಲಿಲ್ಲ ಅಪ್ಪಾ. ಜನ ಮುಸುಮುಸು ನಕ್ರು. ಮುಗಿದ್ಮೇಲೆ ಆ ಹಳೇ ನಟರು ಎಲ್ಲಿ ಅಂತ ಕೇಳ್ಕೊಂಡು ಬಂದ್ರು. ನೀವಿಲ್ದೆ ನಾಟಕ ನಡೆಯಲ್ಲ."

ಅಪ್ಪನ ಮುಖ ಅರಳಿತು. "ಪಾಪ, ಅವನದೇನೂ ತಪ್ಪಿಲ್ಲ. ನಗಿಸೋಕೇ ಹುಟ್ಟಿದವನು," ಎಂದು ದೊಡ್ಡ ಮನಸ್ಸು ತೋರಿಸಿದ. ತಂಗಿ ಚಹಾ ಹಿಡಿದು ಬರುವಷ್ಟರಲ್ಲಿ ಅವನು ತೀರ್ಮಾನಿಸಿಯಾಗಿತ್ತು: ತಂಗಿಯ ಮನೆಗೆ ಹೋಗುವುದಿಲ್ಲ. ಕಂಪನಿ ಇದೇ ದಾರಿಯಲ್ಲಿ ವಾಪಸು ಬರುವಾಗ ವ್ಯಾನು ಹತ್ತುತ್ತಾನೆ.

"ಇವನಿಗೆ ನೀನಾದ್ರೂ ಬುದ್ಧಿ ಹೇಳಮ್ಮ," ಎಂದಳು ತಂಗಿ. ಮಗಳು ಲೋಟದೊಳಗೆ ನೋಡುತ್ತ ಕೂತಳು. ಆಡಿದ್ದು ಸುಳ್ಳೆಂದು ಅಲ್ಲೇ ಒಪ್ಪಿಕೊಳ್ಳಬಹುದಿತ್ತು. ಆ ಅರಳಿದ ಮುಖದ ಮುಂದೆ ಧೈರ್ಯ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟಳು.

ತಂಗಿಯ ಫೋನು ಬಂದಾಗ ಕಂಪನಿ ಇನ್ನೂ ಎರಡು ಊರು ದಾಟಿತ್ತು. ಅಪ್ಪನನ್ನು ಮಣ್ಣು ಮಾಡಿ ಆಗಿತ್ತು. ಅಕ್ಕ ಅವಳೊಬ್ಬಳನ್ನೇ ಕಳಿಸಿದಳು. ವ್ಯಾನಿನಲ್ಲೇ ಉಳಿದಿದ್ದ ಅಪ್ಪನ ಬಣ್ಣದ ಪೆಟ್ಟಿಗೆಯನ್ನು ಅವಳು ತಂಗಿಯ ಮನೆಗೆ ಹೊತ್ತುಕೊಂಡು ಹೋದಳು.

ಇಕ್ಕಟ್ಟಾದ ಮನೆ. ನಡುಮನೆಯಲ್ಲಿ ಅಣ್ಣನಿಗೆಂದು ಹಾಕಿಸಿದ್ದ ಮಂಚ, ಯಾರೂ ಮಲಗದ ಹಾಸಿಗೆ.

"ದಿನಾ ಬೆಳಿಗ್ಗೆ ನರ್ಸ್ ಕಣ್ಣು ತಪ್ಪಿಸಿ ಏಳ್ತಿದ್ದನಂತೆ," ಎಂದಳು ತಂಗಿ. "ಮಂಚದ ಕಂಬಿ ಹಿಡ್ಕೊಂಡು ನಡೆಯೋದು, ನಾಟಕದ ಮಾತು ಹೇಳೋದು. ಅವತ್ತು ಕಂಬಿ ಬಿಟ್ಟು ನೋಡಿದಾನೆ. ಬಿದ್ದು ತಲೆಗೇ ಪೆಟ್ಟಾಯ್ತು. ನಾನಿಲ್ದೆ ನಾಟಕ ನಡೀತಿಲ್ಲ, ಬೇಗ ಹೋಗ್ಬೇಕು ಅಂತ ಒಂದೇ ಹಟ. ಯಾರು ತಲೆಗೆ ತುಂಬಿದ್ರೋ."

"ನಾನೇ," ಎಂದಳು ಮಗಳು. "ಸುಳ್ಳು ಹೇಳಿದೆ. ನಾಟಕ ಚೆನ್ನಾಗೇ ನಡೀತಿತ್ತು."

"ಹೇಳಬಾರದಿತ್ತು," ಎಂದಳು ತಂಗಿ. ಮತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ನಾನೂ ಮೂಳೆ ಕೂಡುತ್ತೆ, ಓಡಾಡ್ತೀಯ ಅಂತ ದಿನಾ ಹೇಳ್ತಿದ್ದೆ. ಡಾಕ್ಟರು ಬೇರೇನೇ ಹೇಳಿದ್ರು. ಊಟ ಮಾಡ್ಕೊಂಡು ಹೋಗು."

ಮಗಳು ತಟ್ಟೆಯಲ್ಲಿ ಕೈಯಾಡಿಸಿ ಎದ್ದಳು. ಪೆಟ್ಟಿಗೆಯನ್ನು ತಂಗಿ ತೆರೆಯಲೂ ಇಲ್ಲ, ಮಂಚದ ಕೆಳಗೆ ತಳ್ಳಿದಳು.

ಸಂಜೆ ಕಂಪನಿಗೆ ಮರಳಿ ಮಗಳು ಬಣ್ಣದ ಕೋಣೆಗೆ ಬಂದಾಗ ಹಾಸ್ಯಗಾರ ಮುದುಕನಾಗಿ ತಯಾರಾಗಿದ್ದ. "ಅಪ್ಪ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ, ಅವತ್ತು ಆಸ್ಪತ್ರೆಲಿ?"

"ಕೇಳಿದ್ರು."

"ನೀನೇನು ಹೇಳಿದೆ?"

ಅವಳು ಕನ್ನಡಿಯತ್ತ ತಿರುಗಿ ಕಾಡಿಗೆ ತೀಡತೊಡಗಿದಳು. ಕಣ್ಣು ತುಂಬಿ ಗೆರೆ ಹರಡಿತು. ಒರೆಸಿ ಮತ್ತೆ ಎಳೆದಳು, ಮತ್ತೆ ಹರಡಿತು. ಅವನು ಹೊರಗೆ ಹೋದ. ಅಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು. ಅಕ್ಕ ಬಾಗಿಲಲ್ಲಿ ಇಣುಕಿ, "ಹೊತ್ತಾಯ್ತು ಮಗಳೇ," ಎಂದಳು.