ಸ್ಟೋರ್ ಸಾಹೇಬ್ರ ಪೆನ್ನಿಗೆ ರೀಫಿಲ್ಲು

ಮೊನ್ನೆ ಗ್ರೂಪಲ್ಲಿ ಯಾರೋ ಹಾಕಿದ್ರಲ್ಲ, ಈ ತಾತಂಗೆ ನಿನ್ನೆ ತಿಂದದ್ದೇ ನೆನಪಿರಲ್ಲ, ಇನ್ನು ಹಳೇ ಸಂಗತಿ ಏನು ಹೇಳ್ತಾರೆ ಅಂತ. ತಿಂದದ್ದು ನೆನಪಿಟ್ಕೊಂಡು ಏನಾಗ್ಬೇಕಯ್ಯಾ, ಅದು ಹೊಟ್ಟೆಗೆ ಹೋಯ್ತು. ಇದು ಮಾತ್ರ ಇನ್ನೂ ಗಂಟಲಲ್ಲೇ ಸಿಕ್ಕೊಂಡಿದೆ. ಸ್ಟೋರ್ ಸಾಹೇಬ್ರ ಹೆಂಡ್ತಿ ತನ್ನ ಬಾಯಾರೆ ನಮ್ಮಕ್ಕಂಗೆ ಹೇಳಿದ್ದು, ಅಕ್ಕ ನಂಗೆ ಹೇಳಿದ್ದು. ಸುಮ್ನೆ ಕೇಳಿ.

ಆಯಮ್ಮ ಅಂಗಡಿಯವನ ಮುಂದೆ ಕರ್ಚೀಫು ಬಿಚ್ಚಿ ಪೆನ್ನು ಇಟ್ಲು. ಕಪ್ಪಗೆ, ಹೆಬ್ಬೆರಳಿನಷ್ಟು ದಪ್ಪ, ಕುತ್ತಿಗೆಗೆ ಚಿನ್ನದ ಬಣ್ಣದ ಬಳೆ.

"ಏನಮ್ಮ ಇದು, ಪೆನ್ನೋ ಟಾರ್ಚೋ?" ಅಂದ ಅಂಗಡಿಯವನು.

"ರೀಫಿಲ್ ಬೇಕಿತ್ತಪ್ಪ."

"ಹಳೇದು ಕೊಡಿ, ಅಳತೆ ನೋಡಣ."

"ಬಿಸಾಕ್ಬಿಟ್ಟೆ."

"ಚೆನ್ನಾಗಾಯ್ತು. ಕಾಲು ಮನೇಲಿ ಬಿಟ್ಟು ಚಪ್ಪಲಿ ತಗೊಳಕ್ಕೆ ಬಂದಂಗಾಯ್ತು."

ಬಿಸಾಕಿದ್ದು ಆಯಮ್ಮನ ತಪ್ಪಲ್ಲ. ಖಾಲಿಯಾದ ವಸ್ತು ಕತ್ತಲಾಗೋದ್ರೊಳಗೆ ಮನೆ ಬಿಟ್ಟು ಹೋಗ್ಬೇಕು ಅನ್ನೋದು ಸಾಹೇಬ್ರದ್ದೇ ಕಾನೂನು. ಫ್ಯಾಕ್ಟರಿ ಗೋಡೌನನ್ನ ಹೆಂಗೆ ಆಳಿದ್ರೋ ಮನೇನೂ ಹಂಗೇ ಆಳಿದ್ರು. ಖಾಲಿ ಸೀಸೆ, ಖಾಲಿ ಡಬ್ಬಿ, ಒಂದು ಖಾಲಿ ಬೆಂಕಿಪೊಟ್ಟಣ ಕಣ್ಣಿಗೆ ಬಿದ್ರೂ ಆವತ್ತು ಊಟದ ಹೊತ್ತಿಗೆ ರಾಮಾಯಣ. ರೀಫಿಲ್ಲು ಮುಗೀತು, ಆಯಮ್ಮ ರೂಢಿಯಂತೆ ಕಸಕ್ಕೆ ಹಾಕಿದ್ಲು.

ಆ ಪೆನ್ನು ಅವರು ರಿಟೈರಾದಾಗ ಕೈಕೆಳಗಿನವರು ಕೊಟ್ಟದ್ದು. ಪ್ರೀತಿಗೆ ಕೊಟ್ರೋ, ಪೀಡೆ ತೊಲಗ್ತು ಅಂತ ಕೊಟ್ರೋ, ಕೊಟ್ಟೋರಿಗೇ ಗೊತ್ತು. ಬೀರುವಲ್ಲಿ ಮಲಗಿತ್ತು. ಆಮೇಲೆ ಸಾಹೇಬ್ರ ಗಂಟಲಲ್ಲಿ ಗಡ್ಡೆ ಎದ್ದು, ಡಾಕ್ಟ್ರು ಧ್ವನಿಪೆಟ್ಟಿಗೆನೇ ತೆಗೆದು ಹಾಕಿದ್ರು. ಉಸಿರಾಡಕ್ಕೆ ಕತ್ತಲ್ಲೊಂದು ತೂತು. ಔಷಧಿಗೆ ಬೆರಳೆಲ್ಲ ಜೋಮು. ಸಣ್ಣ ಪೆನ್ನು ಹಿಡಿದ್ರೆ ಜಾರೋದು, ಫೋನು ಒತ್ತಿದ್ರೆ ಒಂದಕ್ಕೆ ಮೂರು ಅಕ್ಷರ ಬೀಳೋದು. ಮಕ್ಕಳ ದಪ್ಪ ಸ್ಕೆಚ್ ಪೆನ್ನು ತಂದುಕೊಟ್ಟಿದ್ದಕ್ಕೆ ಗೋಡೆಗೆ ಎಸೆದ್ರು. ಕೈಗೆ ಕೂತದ್ದು ಈ ದಪ್ಪ ಪೆನ್ನೊಂದೇ. ಅದು ಇದ್ರೆ ಅವರಿಗೆ ಬಾಯಿ, ಇಲ್ದಿದ್ರೆ ಇಲ್ಲ.

ಬಾಯಿ ಅಂದ್ರೆ ಎಂಥ ಬಾಯಿ ಅಂತೀರಿ. ಗಂಟಲಿದ್ದಾಗ ಬೈದದ್ದು ಗಾಳಿಗೆ ಹೋಗೋದು. ಈಗ ಚೀಟಿ ಮೇಲೆ ಉಳಿಯೋದು. 'ದನದ ಹಾಗೆ ನಡೀಬೇಡ.' 'ಕೇಳಿದ್ದು ನೀರು, ತಂದದ್ದು ಏನು?' 'ಬುದ್ಧಿ ಇದೆಯಾ?' ಪಕ್ಕದ ಮನೆಯವರು ನೋಡಕ್ಕೆ ಬಂದ್ರೆ ಅವರ ಕೈಗೂ ಒಂದು ಚೀಟಿ: 'ಇವಳ ಕೈಲಿ ಸಾಯೋದು ನನ್ನ ಹಣೆಬರಹ.' ಬಂದೋರು ಓದಿ, ಎಲ್ಲಿ ನೋಡ್ಬೇಕೋ ತಿಳೀದೆ ಫ್ಯಾನ್ ನೋಡೋರು. ಬೆಳಗ್ಗೆ ಮಂಚದಡಿಯಿಂದ ಅದನ್ನೆಲ್ಲ ಗುಡಿಸೋಳು ಇವಳೇ.

ಆದ್ರೂ ರೀಫಿಲ್ ಹುಡುಕ್ಕೊಂಡು ಹೊರಟ್ಲು ನೋಡಿ. ಗಂಡ ಮೂಕನಾಗಿ ಬಿದ್ದಿರೋದು ನೋಡಕ್ಕಾಗ್ಲಿಲ್ಲ. ಒಂದು ಅಂಗಡಿಯವನು ಕೊಟ್ಟದ್ದು ಗಿಡ್ಡ, ಒತ್ತಿದ್ರೆ ಮೂತಿ ಒಳಗೆ ಹೋಗೋದು. ಹಿಂದಕ್ಕೆ ಕಾಗದ ತುರುಕಿ ಕೊಟ್ಟ, ಅದೂ ಕುಸೀತು. ಇನ್ನೊಬ್ಬಂದು ಉದ್ದ, ತಿರುಪೇ ಕೂರ್ಲಿಲ್ಲ. ಕೊನೆಗೆ ದೊಡ್ಡ ರಸ್ತೆಯ ಗಾಜಿನ ಅಂಗಡಿಗೆ ಹೋದ್ಲು. ಅಲ್ಲಿನ ಹುಡುಗಿ ಪೆನ್ನಿನ ಹೊಟ್ಟೆಗೆ ಕಡ್ಡಿ ಇಳಿಸಿ ಆಳ ನೋಡಿ, ಡ್ರಾಯರಿಂದ ಒಂದು ಹಿತ್ತಾಳೆ ರೀಫಿಲ್ ತೆಗೆದು ಹಾಕಿ ತಿರುಗಿಸಿದ್ಲು. ಟಕ್ ಅಂತ ಕೂತ್ಕೊಳ್ತು.

"ಬರೆದು ನೋಡಿ ಆಂಟಿ."

"ನಾನೇನು ಬರೀಲಮ್ಮ?"

"ಏನಾದ್ರೂ. ಕೈಗೆ ಬಂದದ್ದು."

ಯಾರ್ಯಾರೋ ಸಹಿ ಗೀಚಿದ್ದ ಕಾಗದ. ಆಯಮ್ಮ ಪೆನ್ನು ಹಿಡಿದ್ಲು. ಭಾರ ಇತ್ತು, ಕೈ ತಾನಾಗೇ ಬಗ್ಗಿ ಬರೀತು. ಬರೆದಾದ್ಮೇಲೆ ಓದ್ಕೊಂಡ್ಲು. 'ಬುದ್ಧಿ ಇದೆಯಾ?'

ಹುಡುಗಿ ಬಗ್ಗಿ ನೋಡಿ ನಕ್ಲು. "ಅಯ್ಯೋ, ನನ್ನನ್ನಾ ಆಂಟಿ?"

"ಅಲ್ಲಮ್ಮ," ಅಂದ್ಲು ಆಯಮ್ಮ. ಪೆನ್ನನ್ನ ಹುಡುಗಿ ಕಡೆ ತಳ್ಳಿದ್ಲು. "ಈ ರೀಫಿಲ್ ತೆಗೆದುಕೊಡ್ತೀಯಾ?"

"ಯಾಕೆ, ಸರಿಯಾಗೇ ಇದೆಯಲ್ಲ?"

"ಸರಿಯಾಗಿದೆ. ತೆಗಿ."

"ಬರೆದದ್ದು ವಾಪಸ್ ತಗೊಳಲ್ಲ ಆಂಟಿ."

"ವಾಪಸ್ ಬೇಡ, ದುಡ್ಡು ತಗೊಂಡು ಕೊಡು."

ಪೆನ್ನು ಕರ್ಚೀಫಿಗೆ ಹೋಯ್ತು. ರೀಫಿಲ್ಲು ದಾರೀಲಿ ಚರಂಡಿಗೆ.

ಮನೆಗೆ ಬಂದಾಗ ಸಾಹೇಬ್ರು ದಿಂಬಿಗೆ ಒರಗಿ ಕೂತಿದ್ರು, ತೊಡೆ ಮೇಲೆ ಚೀಟಿ ಕಟ್ಟು ರೆಡಿ. ಕೈ ಚಾಚಿದ್ರು.

"ಸಿಗ್ಲಿಲ್ಲ ರೀ," ಅಂದ್ಲು. "ಕಂಪನಿಯವರೇ ನಿಲ್ಸಿಬಿಟ್ರಂತೆ. ಊರೆಲ್ಲ ಸುತ್ತಿದೆ."

ಅವರು ಅವಳ ಮುಖ ನೋಡ್ತಾನೇ ಇದ್ರು. ಕತ್ತಿನ ತೂತಲ್ಲಿ ಉಸಿರು ಸುಂಯ್ ಅಂತಿತ್ತು. ಆಯಮ್ಮ ಪೆನ್ನನ್ನ ಬೀರುವಲ್ಲಿಟ್ಟು, ಬಿಸಿಲಿನ ಮಾತಾಡಿದ್ಲು, ಬಸ್ಸಿನ ನೂಕುನುಗ್ಗಲು ಹೇಳಿದ್ಲು, ಯಾವಾಗ್ಲೋ ಸತ್ತ ತನ್ನ ತಂಗಿ ವಿಷಯ ತೆಗೆದ್ಲು. ಮದುವೆಯಾದ ಮೇಲೆ ಆ ಮನೇಲಿ ಅಷ್ಟೊಂದು ಮಾತು ಒಟ್ಟಿಗೆ ಆಡಿದ್ದು ಆವತ್ತೇ ಅಂತೆ.

ಸಾಹೇಬ್ರು ತೋರುಬೆರಳನ್ನ ಹೊದಿಕೆ ಮೇಲೆ ಎಳೆದ್ರು. ಬಟ್ಟೆ ಮೇಲೆ ಸಣ್ಣ ಗುಳಿ ಬಿತ್ತು. ಒಂದು ಅಕ್ಷರ. ಕೈ ನಿಲ್ಸಿ ಉಸಿರು ತಗೊಂಡ್ರು, ಇನ್ನೊಂದು. ಅದು ಬೈಗುಳ ಅಲ್ಲ ಅಂತ ಆಯಮ್ಮಂಗೆ ಅನ್ನಿಸ್ತಂತೆ. ಬೈಯೋವಾಗ ಅವರ ಕೈ ಅಷ್ಟು ನಿಧಾನ ಇರ್ತಿರ್ಲಿಲ್ಲ. ಮೂರನೇದು ಶುರು ಮಾಡೋ ಹೊತ್ತಿಗೆ ಅವಳು ಎದ್ದು, ಹೊದಿಕೆಯ ಎರಡು ತುದಿ ಹಿಡಿದು, ಗುಳಿ, ನೆರಿಗೆ ಒಂದೂ ಇಲ್ದಂಗೆ ಎಳೆದು, ಹಾಸಿಗೆ ಅಡಿಗೆ ಸಿಕ್ಕಿಸಿದ್ಲು.

ಅಷ್ಟೇ. ಮುಂದೇನಾಯ್ತು ಅಂತ ನನ್ನ ಕೇಳ್ಬೇಡಿ, ಅಕ್ಕನೂ ಕೇಳ್ಲಿಲ್ಲ. ಇದನ್ನ ನಿಮ್ಮಲ್ಲೇ ಇಟ್ಕೋಬೇಡಿ, ಮನೇಲಿ ಕಾಯಿಲೆಯವರನ್ನ ನೋಡ್ಕೊಳೋರು ಯಾರಿದ್ದಾರೋ ಅವರಿಗೆ ದಾಟಿಸಿ. ಮಲಗಿರೋರಿಗೂ ಕೇಳ್ಸಿ.