ಕರ್ಕೊಂಡು ಹೋಗೋರು ಯಾರು?

ಗೋದಾಮಿನಲ್ಲಿ ಎಲ್ಲರೂ ಅವಳನ್ನು ಕ್ರೇನಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಟ ಹಿಡಿದು ಕ್ರೇನ್ ಓಡಿಸಲು ಕಲಿತವಳು. ಯಾರ ಮುಂದೆಯೂ ಕೈ ಚಾಚಿದವಳಲ್ಲ. ಮಲದಲ್ಲಿ ರಕ್ತ ಕಂಡಾಗಲೂ ತುಟಿಪಿಟಕ್ಕೆನ್ನದೆ ಒಬ್ಬಳೇ ಆಸ್ಪತ್ರೆಗೆ ಹೋದಳು. ಹಿಂದಿನಿಂದ ಕ್ಯಾಮೆರಾದ ಕೊಳವೆ ಹಾಕಿ ದೊಡ್ಡ ಕರುಳನ್ನೆಲ್ಲ ನೋಡಬೇಕು ಎಂದರು ಡಾಕ್ಟರು.

"ನೋಡಿ ಮತ್ತೆ," ಎಂದಳು.

ಕರುಳು ತೊಳೆಯುವ ಆ ಉಪ್ಪುಪ್ಪು ಔಷಧಿಯನ್ನು ಮೂಗು ಹಿಡಿದು ಕುಡಿದು, ಬಚ್ಚಲಿಗೂ ಮಂಚಕ್ಕೂ ಓಡಾಡಿ ಹಣ್ಣಾಗಿ, ಬೆಳಗ್ಗೆ ಹೋದರೆ ನರ್ಸ್ ಅಡ್ಡ ನಿಂತಳು.

"ಕರ್ಕೊಂಡು ಹೋಗೋರು ಯಾರು?"

"ಆಟೋ ಹಿಡೀತೀನಿ."

"ಮಂಪರಿನ ಇಂಜೆಕ್ಷನ್ ಕೊಡ್ತೀವಿ. ಆಮೇಲೆ ಎಚ್ಚರ ಇದ್ದ ಹಾಗೆ ಕಾಣ್ತೀರಿ, ಇರಲ್ಲ. ಆಟೋದವನು ನಿಮ್ಮನ್ನ ಮನೇಲಿ ಕೂತು ನೋಡ್ಕೋತಾನಾ?"

ಜಪ್ಪಯ್ಯ ಅಂದರೂ ನರ್ಸ್ ಜಗ್ಗಲಿಲ್ಲ. ಕುಡಿದದ್ದೆಲ್ಲ ನೀರುಪಾಲು. ಕ್ರೇನಕ್ಕನ ಕಣ್ಣಲ್ಲಿ ನೀರು ಬಂದರೂ ಕೌಂಟರ್ ಬಿಟ್ಟು ಕದಲಲಿಲ್ಲ. ಮುಂದಿನ ವಾರಕ್ಕೆ ಮತ್ತೆ ದಿನ ಹಾಕಿಸಿಕೊಂಡೇ ಹೊರಬಿದ್ದಳು.

ಆ ಊರಲ್ಲಿ ತನ್ನವರು ಅಂತ ಇದ್ದದ್ದು ವಾರಗಿತ್ತಿ ಒಬ್ಬಳೇ. ಅತ್ತೆಯ ಹೊಲಿಗೆ ಯಂತ್ರ ಯಾರಿಗೆ ಅಂತ ಶುರುವಾದ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಮನಸ್ಸು ಗಟ್ಟಿ ಮಾಡಿಕೊಂಡು ಅವಳ ಬಾಗಿಲು ತಟ್ಟಿದಳು.

"ಏನು, ದಾರಿ ತಪ್ಪಿ ಬಂದ್ಯಾ?"

"ಇಲ್ಲ. ಕರುಳಿಗೆ ಕ್ಯಾಮೆರಾ ಹಾಕಿ ನೋಡ್ತಾರಂತೆ. ಜೊತೆಗೆ ಬರ್ತೀಯಾ?"

ವಾರಗಿತ್ತಿ ಅವಳ ಸೊರಗಿದ ಮುಖವನ್ನೇ ನೋಡಿದಳು. "ಹೊಟ್ಟೆಕಿಚ್ಚೂ ಕಾಣುತ್ತಾ ಅದರಲ್ಲಿ?"

"ಕಂಡರೆ ಅದನ್ನೂ ತೆಗೆಸಿಬಿಡ್ತೀನಿ."

"ಒಳಗೆ ಬಾ, ಹೊಸಿಲಲ್ಲೇ ಯಾಕೆ ನಿಂತೆ," ಎಂದಳು ವಾರಗಿತ್ತಿ.

ಎರಡನೇ ಸಲ ಔಷಧಿ ಕುಡಿಯುವ ದಿನ ವಾರಗಿತ್ತಿ ಬಂದು ಉಳಿದಳು. ಅರ್ಧಕ್ಕೇ ಹೊಟ್ಟೆ ತೊಳಸಿ ಕ್ರೇನಕ್ಕ ಲೋಟ ಕೆಳಗಿಟ್ಟಳು.

"ಯಾವ ಬಣ್ಣಕ್ಕೆ ಹೋಗ್ತಿದೆ?"

"ಇನ್ನೂ ಕದಡಿದ ಹಾಗಿದೆ."

"ಹಾಗಾದ್ರೆ ಕುಡಿ. ತಿಳಿ ನೀರಿನ ಹಾಗೆ ಹೋಗ್ಬೇಕು ಅಂದಿದ್ದಾರೆ. ಕೊಳೆ ಉಳಿದರೆ ಗಂಟು ಇದ್ದರೂ ಕಾಣಲ್ಲ, ಮತ್ತೆ ಮೊದಲಿಂದ."

ಮತ್ತೆ ಮೊದಲಿಂದ ಅನ್ನುವ ಮಾತಿಗೇ ಕ್ರೇನಕ್ಕ ಲೋಟ ಎತ್ತಿಕೊಂಡಳು. ನಡುನಡುವೆ ತಡೆದು, ಕಣ್ಣು ಮುಚ್ಚಿ, ತಳ ಕಾಣುವವರೆಗೂ ಬಿಡಲಿಲ್ಲ.

ಮರುದಿನ ಆಸ್ಪತ್ರೆಯ ಮಂಚದಲ್ಲಿ ಕಣ್ಣು ಬಿಟ್ಟವಳೇ, "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದಳು. ಮುಗಿದು ಎಷ್ಟೋ ಹೊತ್ತಾಗಿತ್ತು. ಡಾಕ್ಟರು ಹೇಳಿದ್ದಕ್ಕೆಲ್ಲ ಗಂಭೀರವಾಗಿ ತಲೆಯಾಡಿಸಿದಳು. ಮನೆ ಸೇರುವಷ್ಟರಲ್ಲಿ ಒಂದಕ್ಷರವೂ ನೆನಪಿರಲಿಲ್ಲ. ವಾರಗಿತ್ತಿಯೇ ಕೂರಿಸಿ ಹೇಳಿದಳು: "ಒಂದು ಗಂಟು ಇತ್ತು, ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಗಾಳಿ ತುಂಬಿರೋದ್ರಿಂದ ಹೊಟ್ಟೆ ಉಬ್ಬರಿಸುತ್ತೆ, ಹೆದರಬೇಡ. ಜೋರು ನೋವು, ಜ್ವರ, ರಕ್ತ ಬಂದರೆ ಮಾತ್ರ ತಕ್ಷಣ ಓಡಿ ಬನ್ನಿ ಅಂದರು. ನಾಳೆಗೆ ಮೊದಲು ಕ್ರೇನ್ ಹತ್ತಿದರೆ ಕಾಲು ಮುರೀತೀನಿ."

ಪರೀಕ್ಷೆಯಲ್ಲಿ ಕ್ಯಾನ್ಸರ್ ಇರಲಿಲ್ಲ. ಬಿಟ್ಟಿದ್ದರೆ ಮುಂದೆ ಹಾಗೆ ತಿರುಗಬಹುದಾದ ಜಾತಿಯ ಗಂಟು ಅದು. ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕು ಎಂದರು. "ಬರ್ತೀವಿ," ಎಂದಳು ಕ್ರೇನಕ್ಕ, ವಾರಗಿತ್ತಿಯನ್ನು ಕೇಳದೆಯೇ.

ಕೆಲಸಕ್ಕೆ ಮರಳಿದ ದಿನ ಚಹಾದ ಹೊತ್ತಿಗೆ ಎಲ್ಲರೆದುರೇ ನಡೆದದ್ದನ್ನೆಲ್ಲ ಹೇಳಿದಳು. ಗಂಡಸರು ಕಿಸಕ್ಕನೆ ನಕ್ಕರು, ಬೂಟು ನೋಡಿಕೊಂಡರು. ಎಲ್ಲ ಚದುರಿದ ಮೇಲೆ ಮೂಟೆ ಹೊರುವವನೊಬ್ಬ ಹಿಂದೆ ಉಳಿದ.

"ಅಕ್ಕಾ, ತುಂಬಾ ನೋವಾಗುತ್ತಾ?"

"ಕುಡಿಯೋದೇ ಕಷ್ಟ ಕಣೋ. ಕೂತ್ಕೋ, ಹೇಳ್ತೀನಿ," ಎಂದು ಬೆಂಚಿನ ಮೇಲೆ ಜಾಗ ಬಿಟ್ಟಳು.