ಗುಂಡಿ ಕಿತ್ತ ಕೋಟು

ಗೆದ್ದವರು ಬರೆಸಿಕೊಂಡ ಶಾಂತಿ ಒಪ್ಪಂದದಲ್ಲಿ ಕೋವಿ, ಗಣಿ, ಸೇತುವೆ ಎಲ್ಲ ಕೈಬಿಟ್ಟುಹೋದ ಮೇಲೆ ಕೊನೆಗೊಂದು ಸಾಲಿತ್ತು: ಸೋತ ಸೈನಿಕರ ಕೋಟಿಗೆ ಗುಂಡಿ ಇರಕೂಡದು. ಆ ಬೀದಿಯ ಕೋಟುಗಳ ಗುಂಡಿ ಕತ್ತರಿಸುವ ಕೆಲಸ ಟೈಲರಕ್ಕನ ತಲೆಗೆ ಬಂತು. ಕಿತ್ತ ಗುಂಡಿಯನ್ನು ಎಸೆಯುವುದು ಅವಳ ಕಸುಬಿಗೆ ಒಗ್ಗದ ಮಾತು. ದಾರಕ್ಕೆ ಪೋಣಿಸಿ, ಆಯಾ ಕೋಟಿನ ಅಸ್ತರಿನೊಳಗೇ ಹೊಲಿದಿಟ್ಟಳು. ಗಂಡಸರು ಚಳಿಗಾಲವಿಡೀ ಕೋಟನ್ನು ಎದೆಯ ಮೇಲೆ ಕೈಯಲ್ಲಿ ಹಿಡಿದುಕೊಂಡೇ ಓಡಾಡಿದರು.

ಹನ್ನೆರಡು ವರ್ಷದ ಮೇಲೆ, ಮತ್ತೆ ಯುದ್ಧ ಸಾರಿದ ದಿನ, ಅವಳ ತಂಗಿ, ತೀರಿಕೊಂಡ ತನ್ನ ಗಂಡನ ಕೋಟನ್ನು ತಂದು ಮೇಜಿನ ಮೇಲಿಟ್ಟಳು.

"ಮಗ ಸೈನ್ಯಕ್ಕೆ ಸೇರ್ತಾನಂತೆ ಅಕ್ಕ. ಅಪ್ಪನ ಕೋಟೇ ಬೇಕಂತೆ. ಗುಂಡಿ ಹಾಕ್ಕೊಡು."

"ಹಾಕಲ್ಲ."

"ಸೇತುವೆ ಹೋಗಿದ್ದು ಅವನಿಗೆ ನೆನಪೇ ಇಲ್ಲ. ಅಪ್ಪ ಕೋಟು ಹಿಡ್ಕೊಳ್ಳೋಕೆ ತನ್ನ ಕೈ ಬಿಟ್ಟಿದ್ದು ಮಾತ್ರ ಮರ್ತಿಲ್ಲ."

"ಹೋದ ಯುದ್ಧಕ್ಕೆ ನನ್ನ ಮಗನ ಕೋಟಿಗೆ ಗುಂಡಿ ಹಾಕಿ ಕಳಿಸಿದ್ದು ಇದೇ ಕೈ. ಕೋಟೂ ವಾಪಸ್ ಬರ್ಲಿಲ್ಲ."

ತಂಗಿ ಜಗಳಕ್ಕೆ ನಿಲ್ಲಲಿಲ್ಲ. ಅಸ್ತರು ಬಿಚ್ಚಿ ಗುಂಡಿಗಳ ದಾರವನ್ನು ಹೊರಗೆಳೆದಳು. "ನಾನೇ ಹಾಕ್ತೀನಿ ಬಿಡು. ಬೀದೀಲಿ ಎಲ್ರೂ ಹಾಕ್ತಿದ್ದಾರೆ. ಜೋಪಾನವಾಗಿ ಇಟ್ಟುಕೊಟ್ಟೋಳು ನೀನೇ ಅಲ್ವಾ."

ಟೈಲರಕ್ಕ ಕೋಟನ್ನು ತನ್ನತ್ತ ಎಳೆದುಕೊಂಡು, ಗುಂಡಿ ತೂರಿಸುವ ಆರೂ ಕಾಜಗಳ ಬಾಯನ್ನು ಒಂದೊಂದಾಗಿ ಹೊಲಿದು ಮುಚ್ಚತೊಡಗಿದಳು.

"ಅವನು ಬಿಚ್ಚಿಬಿಡ್ತಾನೆ ಅಕ್ಕ."

"ಬಿಚ್ಲಿ, ಮತ್ತೆ ಹೊಲೀತೀನಿ. ಆವತ್ತು ಗೆದ್ದೋರು ಹೇಳಿದ್ರು, ಕತ್ತರಿಸ್ದೆ. ಇದನ್ನ ಮಾಡು ಅಂತ ನನಗೆ ಯಾರೂ ಹೇಳಿಲ್ಲ."